ಹೊಡೆಯದ ಕರೆಂಟು

ನನ್ನ ಹೊಟ್ಟೆಪಾಡು ಹೆಚ್ಚಾಗಿ ನಡೆಯುವುದು ಕೈಪಿಡಿಗಳಿಂದ. ಮಿಕ್ಸರ್, ನೀರಿನ ಪಂಪು, ಬಿಪಿ ನೋಡುವ ಯಂತ್ರ, ಹೀಗೆ ಯಾರೂ ಓದುವುದಿಲ್ಲವೆಂದು ಎಲ್ಲರೂ ನಂಬಿರುವ ಪುಟಗಳನ್ನು ಕಾಳಿಘಾಟ್‌ನ ಬಾಡಿಗೆ ಮನೆಯಲ್ಲಿ ಕೂತು ಕನ್ನಡಕ್ಕೆ ತರುತ್ತೇನೆ. ಈ ಸಲ ಬಂದದ್ದು ದೋಣಿ ಸಾಗಿಸುವ ಟ್ರೇಲರಿನ ಮೇಲೆ ಕೂರಿಸುವ ಎಲೆಕ್ಟ್ರಿಕ್ ವಿಂಚಿನ ಕೈಪಿಡಿ. ಟ್ರೇಲರನ್ನು ನೀರಿನಂಚಿಗೆ ಇಳಿಸಿ ಗುಂಡಿ ಒತ್ತಿದರೆ, ಮೋಟರು ಹಗ್ಗ ಸುತ್ತಿಕೊಳ್ಳುತ್ತ ದೋಣಿಯನ್ನು ಮೇಲಕ್ಕೆಳೆಯುತ್ತದೆ. ಅದು ನಡೆಯುವುದು 12 ವೋಲ್ಟಿನ ಬ್ಯಾಟರಿಯಿಂದ.

ನಮ್ಮ ಕಾಳಿಘಾಟ್‌ನಲ್ಲಿ ಈಗ ಎಳೆಯುವಂಥ ದೋಣಿಗಳಿಲ್ಲ. ದೇವಸ್ಥಾನದ ಹಿಂದಿನ ಆದಿಗಂಗೆ ಕಪ್ಪು ನೀರಿನ ಕಿರಿದಾದ ಕಾಲುವೆ. ಹಿಂದೊಮ್ಮೆ ಹೂಗ್ಲಿಯೇ ಇಲ್ಲಿ ಹರಿಯುತ್ತಿತ್ತು. 1770ರ ದಶಕದಲ್ಲಿ ವಿಲಿಯಂ ಟಾಲಿ ಹೂಳು ತೆಗೆಸಿ ದೋಣಿ ಓಡಾಡುವಂತೆ ಮಾಡಿದ್ದರಿಂದ ಟಾಲಿ ನಾಲಾ ಎಂಬ ಹೆಸರೂ ಬಂತು. ಬಂಗಾಳದ ಹೊಳೆಗಳಲ್ಲಿ ಹರಿವಿಗೆ ಎದುರಾಗಿ ಸಾಗುವ ದೋಣಿಯನ್ನು ಆಳುಗಳು ದಡದಲ್ಲಿ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದರು. ಆ ಹಗ್ಗಕ್ಕೆ ಬಂಗಾಳಿಯಲ್ಲಿ ‘ಗುಣ್’ ಎಂದು ಹೆಸರು. ಸಂಸ್ಕೃತದಲ್ಲಿ ಗುಣ ಎಂದರೆ ನೂಲು, ಹಗ್ಗ ಕೂಡ ಹೌದು. ಭಾರ ಎಷ್ಟಿದೆ ಎಂದು ಆ ಆಳಿಗೆ ಅವನ ಭುಜವೇ ಹೇಳುತ್ತಿತ್ತು. ಗುಂಡಿ ಒತ್ತುವವರಿಗೆ ಕೈಪಿಡಿಯೇ ಹೇಳಬೇಕು.

ನನ್ನನ್ನು ಎರಡು ದಿನ ತಡೆದು ನಿಲ್ಲಿಸಿದ್ದು ಒಂದು ಎಚ್ಚರಿಕೆ: ವಿಂಚ್ ಹೆಚ್ಚು ಕರೆಂಟ್ ಎಳೆಯುತ್ತದೆ, ಟ್ರೇಲರಿನ ದೀಪದ ವೈರಿನಿಂದ ಸಂಪರ್ಕ ಕೊಡಬೇಡಿ. ಕನ್ನಡದಲ್ಲಿ ಕರೆಂಟು ಬರುತ್ತದೆ, ಹೋಗುತ್ತದೆ, ಹೊಡೆಯುತ್ತದೆ. ಬಂಗಾಳಿಗಳು ಶಾಕ್ ‘ತಿನ್ನುತ್ತಾರೆ’. ಎರಡೂ ಕಡೆ ಅಪಾಯವೆಂದರೆ ಮೈಗೆ ಬೀಳುವ ಏಟು. ಆದರೆ 12 ವೋಲ್ಟಿನ ಬ್ಯಾಟರಿಯನ್ನು ಒಣಗಿದ ಕೈಯಲ್ಲಿ ಮುಟ್ಟಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೊಡೆಯದ ಕರೆಂಟು ಇನ್ನೇನು ಮಾಡೀತು ಎಂದು ಓದುವವರು ಅಂದುಕೊಂಡರೆ ಆಶ್ಚರ್ಯವಿಲ್ಲ. ನಮ್ಮ ಮಾತೇ ಹಾಗೆ ಕಲಿಸಿದೆ.

ಅದು ಸುಡುತ್ತದೆ. 1200 ವಾಟಿನ ಕೆಲಸಕ್ಕೆ ಮನೆಯ 230 ವೋಲ್ಟಿನಲ್ಲಿ ಸುಮಾರು 5 ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 100 ಆಂಪಿಯರ್ ಬೇಕು. ಕಾರಿನ ಬ್ಯಾಟರಿಯಿಂದ ವಿಂಚಿಗೆ ಹೋಗಿ ಬರಲು 10 ಮೀಟರ್ ತಾಮ್ರದ ವೈರು ಎಂದುಕೊಳ್ಳಿ. ದಪ್ಪ 2.5 ಚದರ ಮಿಲಿಮೀಟರ್ ಆದರೆ, 100 ಆಂಪಿಯರ್ ಹರಿಯುವಾಗ ದಾರಿಯಲ್ಲೇ ಸುಮಾರು 7 ವೋಲ್ಟ್ ಸೋರಿಹೋಗುತ್ತದೆ. 700 ವಾಟ್ ಶಾಖ ವೈರಿನ ಮೈಯಲ್ಲೇ ಹುಟ್ಟುತ್ತದೆ, ಇಸ್ತ್ರಿಪೆಟ್ಟಿಗೆಯ ಹಾಗೆ. ದೀಪದ ವೈರು ಸಾಮಾನ್ಯವಾಗಿ ಅದಕ್ಕಿಂತಲೂ ತೆಳು. 25 ಚದರ ಮಿಲಿಮೀಟರಿನ ಕೇಬಲ್ಲಾದರೆ ಸೋರುವುದು 0.7 ವೋಲ್ಟ್ ಅಷ್ಟೆ.

ನಮ್ಮ ಓಣಿಯ ಇನ್ವರ್ಟರ್ ಅಂಗಡಿಯ ದಾದಾ ಈ ಲೆಕ್ಕ ಕೇಳದೆಯೇ ‘ಮೋಟಾ ತಾರ್ ಲಾಗ್ಬೆ’ ಎಂದರು. ದಪ್ಪ ತಂತಿ ಬೇಕು. ಇಲ್ಲವೇ ಬ್ಯಾಟರಿಯನ್ನೇ ವಿಂಚಿನ ಹತ್ತಿರ ಇಡಿ ಎಂದೂ ಸೇರಿಸಿದರು. ಕೈಪಿಡಿಯ ಸಲಹೆಯೂ ಅದೇ: ಟ್ರೇಲರಿಗೆ ಪ್ರತ್ಯೇಕ ಬ್ಯಾಟರಿ, ಗಿಡ್ಡ ದಪ್ಪ ಕೇಬಲ್ಲು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಮೂರು ನಿಮಿಷ 100 ಆಂಪಿಯರ್ ಎಳೆದರೂ ಖರ್ಚಾಗುವುದು 5 ಆಂಪಿಯರ್-ಅವರ್. ಅದನ್ನು ಕಾರು ಓಡುವಾಗ ಚಾರ್ಜರ್ ಮೂಲಕ ನಿಧಾನವಾಗಿ ತುಂಬಬಹುದು.

ಇನ್ನೊಂದು ತೊಡಕು ‘ಅರ್ಥ್’. ನಮ್ಮ ಕಡೆ ಅರ್ಥಿಂಗ್ ಎಂದರೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವುದು. ಕಾರಿನಲ್ಲಿ ನೆಲದ ಮಾತೇ ಇಲ್ಲ. ಕರೆಂಟು ಹಿಂತಿರುಗುವ ಲೋಹದ ಬಾಡಿಯೇ ಅರ್ಥ್. ಟ್ರೇಲರ್ ಕಾರಿಗೆ ಸೇರುವುದು ಗ್ರೀಸು ಹಚ್ಚಿದ ಕೊಂಡಿಯಲ್ಲಿ, ಅದನ್ನು ನಂಬುವಂತಿಲ್ಲ. ಹಾಗಾಗಿ ‘ಅರ್ಥ್ ಮಾಡಿ’ ಎನ್ನದೆ, ‘ಮೈನಸ್ ಕೇಬಲ್ಲನ್ನೂ ಅಷ್ಟೇ ದಪ್ಪದ್ದು ಹಾಕಿ, ನೇರ ಬ್ಯಾಟರಿಗೆ ಸೇರಿಸಿ’ ಎಂದು ಬರೆದೆ.

ಎಚ್ಚರಿಕೆಯನ್ನು ಹೀಗೆ ಮಾಡಿದೆ: ‘ಈ ಕರೆಂಟು ನಿಮಗೆ ಹೊಡೆಯದೇ ಇರಬಹುದು. ಆದರೆ ತೆಳು ವೈರನ್ನು ಸುಡುತ್ತದೆ, ಬೆಂಕಿ ಹೊತ್ತಬಹುದು. ದೀಪದ ವೈರಿಗೆ ವಿಂಚ್ ಜೋಡಿಸಬೇಡಿ.’ ಮೂಲದಲ್ಲಿ ಒಂದೇ ವಾಕ್ಯವಿದೆ, ನಿಮ್ಮದು ಮೂರು ಎಂದು ಕೆಲಸ ಕೊಟ್ಟವರು ವಾಪಸು ಕಳಿಸಿದರು. ಪದಕ್ಕಿಷ್ಟು ಎಂದು ದುಡ್ಡು ಎಣಿಸುವ ಈ ಕಸುಬಿನಲ್ಲಿ ಅವರಿಗೆ ಅನುಮಾನ ಬಂದದ್ದು ಸಹಜವೇ. ಹೆಚ್ಚಾದ ಪದಗಳಿಗೆ ದುಡ್ಡು ಬೇಡ, ಮೂರೂ ಉಳಿಯಲಿ ಎಂದು ಉತ್ತರ ಬರೆದೆ. ಉಳಿದವು.