ಮಟ್ಟೆ ಉರಿಸಿ ನೀರೆತ್ತೋ ಎಂಜಿನ್ನು: ಆಟಿಕೆ ಕಿಟ್ ಜೋಡಿಸಿ ತಿಳಿದಿದ್ದು

ನಮ್ಮ ಸುತ್ತಮುತ್ತ ಈ ತಿಂಗಳು ಓಡಾಡ್ತಿರೋ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. ತೆಂಗಿನ ಮಟ್ಟೆ ಉರಿಸಿದ್ರೆ ಓಡೋ ಎಂಜಿನ್, 5 ಎಚ್‌ಪಿ, ಗಂಟೆಗೆ ಒಂದು ಕೆಜಿ ಮಟ್ಟೆ ಸಾಕು, ಡೀಸೆಲ್ ಬೇಡ, ತ್ರೀ ಫೇಸ್ ಕರೆಂಟ್ ಕಾಯೋದು ಬೇಡ. ಮುಂಗಡ ಕೊಟ್ಟೋರಿಗೆ ಮೊದಲು. ನಮ್ಮ ಭಾವ ಕೊಬ್ಬರಿ ಮಾರಿದ ದುಡ್ಡನ್ನ ಅದಕ್ಕೇ ಅಂತ ಎತ್ತಿಟ್ಟಿದ್ರು. "ನೀನೊಂದ್ಸಲ ನೋಡಿ ಹೇಳಪ್ಪ" ಅಂದ್ರು. ಅದಕ್ಕೇ ಈ ಬರಹ.

ಇದಕ್ಕೆ ಸ್ಟರ್ಲಿಂಗ್ ಎಂಜಿನ್ ಅಂತ ಹೆಸರು. ವಸ್ತು ಸುಳ್ಳಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗ್ ಅನ್ನೋ ಪಾದ್ರಿ 1816ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1818ರಲ್ಲಿ ಅದನ್ನ ಕೂರಿಸಿದ್ದೇ ಒಂದು ಕಲ್ಲುಗಣಿಯ ನೀರೆತ್ತೋಕೆ. 1980ರ ದಶಕದಲ್ಲಿ ಮದ್ರಾಸಿನಲ್ಲೂ ಭತ್ತದ ಹೊಟ್ಟು ಉರಿಸಿ ಓಡೋ 5 ಎಚ್‌ಪಿಯದ್ದು ತಯಾರಾಗಿತ್ತು. ಹಾಗಾಗಿ ಆಗೋದೇ ಇಲ್ಲ ಅನ್ನೋ ಮಾತಿಲ್ಲ. ಎಷ್ಟು ಮಟ್ಟೆಗೆ ಎಷ್ಟು ಕೆಲಸ ಅನ್ನೋದೇ ಪ್ರಶ್ನೆ. ಅದನ್ನ ಕೈಯಾರೆ ನೋಡೋಣ ಅಂತ ಅಂಗೈ ಮೇಲೆ ಕೂರುವ ಒಂದು ಕಿಟ್ ತರಿಸಿ, ಮಗಳ ಜೊತೆ ಕೂತು ಜೋಡಿಸಿದೆ.

ಒಳಗಿರೋದು ಇಷ್ಟೇ. ಒಂದು ಕಡೆ ಮುಚ್ಚಿರೋ ಗಾಜಿನ ಕೊಳವೆ. ಅದರ ತುದಿಗೆ ಸ್ಪಿರಿಟ್ ದೀಪದ ಉರಿ. ಇನ್ನೊಂದು ತುದೀಲಿ ಅಲ್ಯೂಮಿನಿಯಂ ರೆಕ್ಕೆಗಳು, ಅದು ತಣ್ಣಗಿನ ಕಡೆ. ಕೊಳವೆಯೊಳಗೆ ಸಡಿಲವಾಗಿ ಓಡಾಡೋ ಡಿಸ್ಪ್ಲೇಸರ್ ಅನ್ನೋ ಕೊರಡು ಇದೆ. ಅದು ಗಾಳಿಯನ್ನ ಒತ್ತೋದಿಲ್ಲ, ಬಿಸಿ ಕಡೆಯಿಂದ ತಣ್ಣನೆ ಕಡೆಗೆ, ಅಲ್ಲಿಂದ ಇಲ್ಲಿಗೆ ಸಾಗಹಾಕುತ್ತೆ ಅಷ್ಟೇ. ಗಾಳಿ ಕಾದಾಗ ಹಿಗ್ಗಿ ಪಕ್ಕದ ಚಿಕ್ಕ ಪಿಸ್ಟನ್ನನ್ನ ತಳ್ಳುತ್ತೆ, ತಣಿದಾಗ ಎಳೆದುಕೊಳ್ಳುತ್ತೆ. ಎರಡೂ ಒಂದೇ ಫ್ಲೈವೀಲ್‌ಗೆ ಕಾಲು ಸುತ್ತಿನ ಅಂತರದಲ್ಲಿ ಸೇರಿವೆ, ಡಿಸ್ಪ್ಲೇಸರ್ ಮುಂದೆ, ಪಿಸ್ಟನ್ ಹಿಂದೆ. ವಾಲ್ವ್ ಇಲ್ಲ, ಸೈಲೆನ್ಸರ್ ಇಲ್ಲ. ಇದ್ದ ಗಾಳಿಯೇ ಒಳಗೊಳಗೇ ಓಡಾಡ್ತಿರುತ್ತೆ.

ಜೋಡಿಸಿ ದೀಪ ಹಚ್ಚಿದ್ವಿ. ಅಲುಗಲಿಲ್ಲ. ಹುಡುಕಿದ ಕ್ರಮ ಹೇಳ್ತೀನಿ, ಪಂಪ್‌ಸೆಟ್ ರಿಪೇರಿ ಮಾಡಿದೋರಿಗೆ ಇದು ಹೊಸದಲ್ಲ.

ಮೊದಲು ಉರಿ ಆರಿಸಿ, ಪಿಸ್ಟನ್ ಕಡ್ಡಿ ಬಿಚ್ಚಿ, ಗಾಲಿಯನ್ನ ಬೆರಳಲ್ಲಿ ತಿರುಗಿಸಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ತಡೀತಿತ್ತು. ಡಿಸ್ಪ್ಲೇಸರ್ ಗಾಜಿಗೆ ತಾಗ್ತಿದೆ ಅಂತ ಅರ್ಥ. ಕಡ್ಡಿಯನ್ನ ಕನ್ನಡಿ ಮೇಲೆ ಉರುಳಿಸಿದ್ರೆ ಕೂದಲೆಳೆಯಷ್ಟು ಬಾಗಿತ್ತು, ಬರೋವಾಗಲೇ ಬಾಗಿರ್ಬೇಕು. ನೆಟ್ಟಗೆ ಮಾಡಿದ ಮೇಲೆ ಗಾಲಿ ಹಗುರಾಗಿ ತಿರುಗಿತು. ಆದ್ರೂ ಎಂಜಿನ್ ಓಡಲಿಲ್ಲ.

ಎರಡನೇದು ಸೋರಿಕೆ. ಪಂಕ್ಚರ್ ಹಾಕೋರು ಟ್ಯೂಬಿಗೆ ನೀರು ಮುಟ್ಟಿಸಿ ಗುಳ್ಳೆ ನೋಡ್ತಾರಲ್ಲ, ಹಂಗೇ ಗಾಜಿನ ಕೊಳವೆ ಕೂರುವ ಜಾಗಕ್ಕೆ ಸೋಪಿನ ನೀರು ಹಚ್ಚಿ ಪಿಸ್ಟನ್ ಒತ್ತಿದೆ. ಗುಳ್ಳೆ ಎದ್ದವು. ಕಿಟ್‌ನಲ್ಲಿ ಬಂದಿದ್ದ ರಬ್ಬರ್ ರಿಂಗ್ ಸೀಳಿತ್ತು. ಟ್ರ್ಯಾಕ್ಟರ್ ಎಂಜಿನ್ನಿಗೆ ಹಚ್ಚೋ ಕೆಂಪು ಗ್ಯಾಸ್ಕೆಟ್ ಪೇಸ್ಟ್ ತೆಳ್ಳಗೆ ಹಾಕಿ ಒಂದು ರಾತ್ರಿ ಬಿಟ್ವಿ. ಬೆಳಿಗ್ಗೆ ಗಾಲಿಗೆ ಒಂದು ತಟ್ಟು ಕೊಟ್ಟಿದ್ದೇ ತಡ, ಹೊಲಿಗೆ ಮಿಷನ್ ಥರ ಓಡ್ತು. ಪಿಸ್ಟನ್ನಿಗೆ ಎಣ್ಣೆ ಬಿಡ್ಬೇಕಾ ಅಂತ ಮಗಳು ಕೇಳಿದ್ಲು. ಇದರದ್ದು ಗ್ರಾಫೈಟ್ ಪಿಸ್ಟನ್, ಎಣ್ಣೆ ಬಿದ್ರೆ ಅಂಟಿಕೊಳ್ಳುತ್ತೆ. ಒಣಗಿದ್ದೇ ಚೆನ್ನ.

ಮುಖ್ಯ ವಿಷಯ ಆಮೇಲೆ ಬಂತು. ನಾಲ್ಕು ನಿಮಿಷ ಜೋರಾಗಿ ಓಡಿ ನಿಧಾನ ಆಯ್ತು, ನಿಂತೋಯ್ತು. ಉರಿ ಮಾತ್ರ ಹಂಗೇ ಇದೆ. ರೆಕ್ಕೆ ಮುಟ್ಟಿದ್ರೆ ಕೈ ಸುಡೋ ಹಂಗಿದೆ. ಒದ್ದೆ ಬಟ್ಟೆ ಸುತ್ತಿ ತಟ್ಟಿದೆ, ಮತ್ತೆ ಓಡ್ತು. ಬಟ್ಟೆ ತೆಗೆದ್ರೆ ಮತ್ತೆ ನಿಧಾನ. ಒದ್ದೆ ಬಟ್ಟೆ ರೆಕ್ಕೆಗೆ ಮಾತ್ರ, ಬಿಸಿ ಗಾಜಿಗೆ ತಾಗಿದ್ರೆ ಸಿಡಿಯುತ್ತೆ, ಹುಷಾರು.

ಅಂದ್ರೆ ಈ ಎಂಜಿನ್ ಓಡೋದು ಬರೀ ಬಿಸಿಯಿಂದಲ್ಲ, ಬಿಸಿಗೂ ತಂಪಿಗೂ ಇರೋ ಅಂತರದಿಂದ. ಅದಕ್ಕೊಂದು ದಾಟಲಾಗದ ಗೆರೆಯಿದೆ. ಬಿಸಿ ಕಡೆ 350 ಡಿಗ್ರಿ, ತಣ್ಣನೆ ಕಡೆ 40 ಡಿಗ್ರಿ ಇದ್ರೆ ಜಗತ್ತಿನ ಯಾವ ಎಂಜಿನ್ನೂ ಆ ಶಾಖದ ಅರ್ಧಕ್ಕಿಂತ ಹೆಚ್ಚನ್ನ ಕೆಲಸ ಮಾಡೋಕಾಗಲ್ಲ. ತಣ್ಣನೆ ಕಡೆ 120ಕ್ಕೆ ಏರಿದ್ರೆ ಆ ಗೆರೆ ನೂರಕ್ಕೆ 37ಕ್ಕೆ ಇಳಿಯುತ್ತೆ. ನಿಜವಾಗಿ ಕೈಗೆ ಸಿಗೋದು ಅದಕ್ಕಿಂತ ಬಹಳ ಕಡಿಮೆ.

ನಮ್ಮ ಆಟಿಕೆ ಎಷ್ಟು ಎಳೆಯುತ್ತೆ ಅಂತಲೂ ಅಳೆದ್ವಿ. ಗಾಲಿಯ ಕಡ್ಡಿಗೆ ದಾರ ಕಟ್ಟಿ 20 ಗ್ರಾಂ ಬೋಲ್ಟ್ ನೇತುಹಾಕಿದ್ರೆ ಒಂದು ಮೀಟರ್ ಎತ್ತೋಕೆ ನಾಲ್ಕು ಸೆಕೆಂಡ್. ಲೆಕ್ಕಕ್ಕೆ 0.05 ವ್ಯಾಟ್. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್. ಇಂಥ ಹದಿನೈದು ಸಾವಿರ ಸೇರಿದ್ರೆ ಒಂದು ಎಚ್‌ಪಿ! ದೊಡ್ಡ ಎಂಜಿನ್‌ಗಳಲ್ಲಿ ಗಾಳಿಯನ್ನೋ ಹೀಲಿಯಮ್ಮನ್ನೋ ಒತ್ತಡದಲ್ಲಿ ತುಂಬಿ ಶಕ್ತಿ ಹೆಚ್ಚಿಸ್ತಾರೆ. ಆಗ ಸೀಲು ಸೋರದ ಹಾಗೆ ನೋಡಿಕೊಳ್ಳೋದೇ ದೊಡ್ಡ ಕೆಲಸ, ಬೆಲೆಯೂ ಏರುತ್ತೆ.

ಈಗ ಆತನ ಮಾತಿಗೆ ಬನ್ನಿ. 5 ಎಚ್‌ಪಿ ಒಂದು ಗಂಟೆ ಓಡಿದ್ರೆ ಸುಮಾರು 3.7 ಯೂನಿಟ್ ಕೆಲಸ. ಒಂದು ಕೆಜಿ ಒಣ ಮಟ್ಟೆಯಲ್ಲಿರೋ ಪೂರ್ತಿ ಶಾಖ ಲೆಕ್ಕ ಹಾಕಿದ್ರೂ ಸುಮಾರು 4 ಯೂನಿಟ್. ಅಂದ್ರೆ ಸುಟ್ಟ ಶಾಖದ ಹೆಚ್ಚುಕಮ್ಮಿ ಎಲ್ಲವೂ ಶಾಫ್ಟಿಗೆ ಬರ್ಬೇಕು. ಅರ್ಧದ ಗೆರೆಯನ್ನೇ ದಾಟಬೇಕಾದ ಲೆಕ್ಕ ಇದು, ಆಗೋದಿಲ್ಲ. ನೂರಕ್ಕೆ 15 ಸಿಕ್ಕಿತು ಅಂತ ಇಟ್ಕೊಂಡ್ರೆ ಗಂಟೆಗೆ 6 ಕೆಜಿ ಮೇಲೆ ಮಟ್ಟೆ ಬೇಕು. ಏಳು ಗಂಟೆ ನೀರು ಬಿಟ್ರೆ ದಿನಕ್ಕೆ 40 ಕೆಜಿ ದಾಟುತ್ತೆ, ಉರಿ ಹಾಕ್ತಾ ಕೂರೋಕೆ ಒಬ್ಬರು ಬೇರೆ. ಆ ಮಟ್ಟೆ ಮರದ ಬುಡಕ್ಕೆ ಹಾಕಿದ್ರೆ ತೇವ ಹಿಡಿಯುತ್ತೆ, ಪೊಟ್ಯಾಷ್ ಕೊಡುತ್ತೆ ಅನ್ನೋದೂ ಲೆಕ್ಕಕ್ಕೆ ಸೇರಬೇಕಲ್ವಾ?

ಮುಂಗಡ ಕೊಡೋ ಮುಂಚೆ ಮೂರು ಕೇಳಿ. ಒಂದು, ಮಟ್ಟೆ ತೂಕ ಹಾಕಿ ನಮ್ಮ ಕಣ್ಣೆದುರೇ ಪೂರ್ತಿ ಲೋಡಲ್ಲಿ ಎರಡು ಗಂಟೆ ಓಡಿಸ್ತೀರಾ? ನನ್ನ ಆಟಿಕೆಯೂ ಮೊದಲ ನಾಲ್ಕು ನಿಮಿಷ ಚೆನ್ನಾಗೇ ಓಡ್ತು. ಎರಡು, ತಣ್ಣನೆ ಕಡೆಗೆ ಏನು ವ್ಯವಸ್ಥೆ? ಎತ್ತಿದ ನೀರನ್ನೇ ಸುತ್ತಿಸಿ ತೋಟಕ್ಕೆ ಬಿಡೋದಾದ್ರೆ ಸರಿ, ಬರೀ ರೆಕ್ಕೆ ತೋರಿಸಿದ್ರೆ ಅನುಮಾನಪಡಿ. ಮೂರು, ಸೀಲು ಹೋದ್ರೆ ಎಲ್ಲಿ ಸಿಗುತ್ತೆ, ಯಾರು ಹಾಕ್ತಾರೆ?

ಭಾವನ ಮನೆಗೆ ಕಿಟ್ ತಗೊಂಡೋಗಿ ಓಡಿಸಿ ತೋರಿಸಿದೆ. ಒದ್ದೆ ಬಟ್ಟೆಯನ್ನ ಅವರೇ ಹಾಕಿ, ಅವರೇ ತೆಗೆದು ನೋಡಿದ್ರು. "ಎರಡು ಗಂಟೆ ಓಡಿಸಿ ತೋರಿಸ್ಲಿ, ಆಮೇಲೆ ದುಡ್ಡಿನ ಮಾತು" ಅಂದ್ರು. ನೀವೂ ಯಾರಾದ್ರೂ ಮುಂಗಡ ಕೊಡೋ ಯೋಚನೇಲಿದ್ರೆ ಭಾನುವಾರ ನಮ್ಮ ತೋಟದ ಮನೆ ಕಡೆ ಬನ್ನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ಸ್ಪಿರಿಟ್ ನಮ್ಮದೇ.