ಐದನೆಯ ವಾರ

ಹಬ್ಬಕ್ಕೆಂದು ಸವಣೂರಿಗೆ ಬಂದಿದ್ದ ಅಣ್ಣನ ಮಗ ಊಟವಾದ ಮೇಲೆ ಎಲೆ ಮೆಲ್ಲುತ್ತ, "ಕಾಕಾ, ನಾವು ಮೂರು ಮಂದಿ ಕೂಡಿ ವಾರಕ್ಕೊಂದು ಸುದ್ದಿಪತ್ರ ಹೊರಡಿಸಬೇಕಂತ ಮಾಡೇವಿ" ಎಂದ. ಯಾವ ಊರಿನ ಸುದ್ದಿಯೆಂದು ಕೇಳಿದೆ. ಊರಿನದಲ್ಲವಂತೆ, ತಂತ್ರಾಂಶದ್ದಂತೆ! ಕನ್ನಡದ ಕಾಗುಣಿತ ತಿದ್ದುವ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ದುಡಿಯುವವರು ಹತ್ತೂರಿನಲ್ಲಿ ಚದುರಿದ್ದಾರೆ; ಸಂಬಳವಿಲ್ಲ. ಒಬ್ಬ ಮಾಡಿದ್ದು ಮತ್ತೊಬ್ಬನಿಗೆ ತಿಳಿಯದೆ, ಇಬ್ಬರು ಒಂದೇ ತಪ್ಪನ್ನು ಬೇರೆ ಬೇರೆ ಕುಳಿತು ಹದಿನೈದು ದಿನ ತಿದ್ದಿದರಂತೆ.

ನನಗೆ ನಗು ಬರಲಿಲ್ಲ. ಹಾವೇರಿಯ ವಿದ್ಯಾರ್ಥಿನಿಲಯದ ಕೋಣೆ ನೆನಪಾಯಿತು. ೧೯೭೨ನೆಯ ಇಸವಿ, ಆಗ ನಮ್ಮದೆಲ್ಲ ಧಾರವಾಡ ಜಿಲ್ಲೆಯೇ. ಹಾನಗಲ್ಲಿನವನೊಬ್ಬ, ಶಿಗ್ಗಾಂವಿಯವನೊಬ್ಬ, ಹಿರೇಕೆರೂರಿನವನೊಬ್ಬ, ಸವಣೂರಿನವನು ನಾನು. ಊರಿನಿಂದ ಬುತ್ತಿಯ ಜೊತೆಗೆ ಬಂದ ಸುದ್ದಿಯನ್ನೆಲ್ಲ, ಹಾನಗಲ್ಲಿನ ಭತ್ತದಿಂದ ಹಿಡಿದು ನಮ್ಮ ಎಲೆಬಳ್ಳಿಯ ರೋಗದವರೆಗೆ, ಒಂದು ಹಾಳೆಗಿಳಿಸಿ ರವಿವಾರ ಗೋಡೆಗೆ ಅಂಟಿಸುತ್ತಿದ್ದೆವು. ಮೊದಲ ಮೂರು ವಾರ ಅಗ್ರಲೇಖ ಯಾರದೆಂದು ಜಗಳ. ನಾಲ್ಕನೆಯ ವಾರ ಒಬ್ಬನಿಗೆ ಜ್ವರ. ಐದನೆಯ ವಾರ ನಾನು ಮದುವೆಗೆ ಹೋದೆ. ಹೋದವನು ಮತ್ತೆ ಲೇಖನಿ ಮುಟ್ಟಲೇ ಇಲ್ಲ. ಹಿರೇಕೆರೂರಿನವನು ಹನ್ನೊಂದನೆಯ ವಾರದವರೆಗೂ ಒಬ್ಬನೇ ಬರೆದ. ಕೆಳಗೆ ನಾಲ್ವರ ಹೆಸರನ್ನೂ ಹಾಕುತ್ತಿದ್ದ, ಪುಣ್ಯಾತ್ಮ! ಹನ್ನೆರಡನೆಯ ರವಿವಾರ ಗೋಡೆ ಬರಿದಾಗಿತ್ತು. ಯಾಕೆಂದು ಕೇಳುವ ಮುಖ ನಮಗಿರಲಿಲ್ಲ. ಅವನು ತೀರಿಕೊಂಡು ಈಗ ಎರಡು ವರ್ಷ. ಆ ಮಾತು ಆಡಬೇಕೆಂದಿದ್ದೆ, ಆಡಲಿಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಅವನೇ ಡೆಬಿಯನ್ನಿನ ಕಥೆ ಹೇಳಿದ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ ಆ ಮುಕ್ತ ತಂತ್ರಾಂಶಕ್ಕೆ ಜಗತ್ತಿನ ತುಂಬ ಸ್ವಯಂಸೇವಕರು. ಅದರ ವಾರದ ಸುದ್ದಿಯನ್ನು ೧೯೯೯ರಲ್ಲಿ ಜೋಯಿ ಹೆಸ್ ಎಂಬವನು ಸುರು ಮಾಡಿದ. ಅಷ್ಟು ದೊಡ್ಡ ಬಳಗದಲ್ಲಿಯೂ ಅದು ೨೦೦೭ರಲ್ಲಿ ನಿಂತಿತು. ಮರುವರ್ಷ ಬೇರೆ ಹೆಸರಿನಿಂದ ಮತ್ತೆ ಹೊರಟಿತು.

"ನಿಮ್ಮದರಾಗ ಐದನೇ ವಾರ ಯಾರು ಬರೀತಾರ?" ಎಂದೆ.

"ಪಾಳಿ ಹಚ್ಚೇವಿ, ಕಾಕಾ."

"ನನ್ನ ಹೆಸರೂ ಹಚ್ಚು."

"ನಿಮಗ ಅದೆಲ್ಲ ಹ್ಯಾಂಗ ತಿಳೀತದ?"

"ತಿಳಿಯೋ ಹಂಗ ನೀವು ಹೇಳ್ರಿ. ನಾ ಬರೀತೇನಿ."

ಮೊದಲ ಸಂಚಿಕೆ ಕಳೆದ ಶನಿವಾರ ಬಂತು, ಒಂದೇ ಪುಟ. ಹಿರೇಕೆರೂರ ಕಡೆಯ ಶಿಕ್ಷಕಿಯೊಬ್ಬರು ನಲವತ್ತು ಶಬ್ದ ಸೇರಿಸಿದರೆಂದು ಅದರಲ್ಲಿತ್ತು. ಕಾಗುಣಿತದ ತಂತ್ರಾಂಶದವರೇ ಎರಡು ಒತ್ತಕ್ಷರ ತಪ್ಪಿದ್ದರು, ತಿದ್ದಿ ಕಳಿಸಿದೆ. ಐದನೆಯ ವಾರದ ಪಾಳಿ ನನ್ನದು. ಆ ವಾರ ಬೀಗರ ಮನೆಯಲ್ಲಿ ಮದುವೆಯಿದೆ. ಹಾಳೆ ಕಟ್ಟಿಕೊಂಡೇ ಹೋಗಬೇಕು.