ಒತ್ತಿ ಹಿಡಿದ ಬೆರಳು

ಕಂಬಳದಲ್ಲಿ ಕೋಣಗಳು ಓಡುವ ಕೆಸರು ಹಾದಿ, ಅಂದರೆ ಕರೆಯ ಬದಿಯಲ್ಲಿ ಕ್ಯಾಮೆರಾದವರದ್ದೇ ಒಂದು ಸಾಲು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಬಿಟ್ಟರೋ ಇಲ್ಲವೋ, ಓಟ ಮುಗಿಯುವ ಮಂಜೊಟ್ಟಿಯ ಬಳಿ ಕುಕ್ಕರುಗಾಲಲ್ಲಿ ಕೂತವರ ಕೈಯಿಂದ 'ಟರ್‍ರ್' ಎಂದು ಸದ್ದು ಹೊರಡುತ್ತದೆ. ಬಟನ್ನಿನಿಂದ ಬೆರಳೆತ್ತುವ ತನಕ ಕ್ಯಾಮೆರಾ ತೆಗೆಯುತ್ತಲೇ ಇರುತ್ತದೆ. ಇದೇ ಬರ್ಸ್ಟ್.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ದೇಶಕ್ಕೆಲ್ಲ ಸುದ್ದಿಯಾದರಲ್ಲ, ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಆ ಒಂದು ಓಟದಲ್ಲಿ 136 ಚಿತ್ರ. ರೀಲಿನ ಕಾಲವಾಗಿದ್ದರೆ 36 ಚಿತ್ರದ ರೀಲು ನಾಲ್ಕು ಬೇಕಿತ್ತು. ಆಗಿನವರು ಉಸಿರು ಬಿಗಿಹಿಡಿದು ಒಂದೇ ಒಂದು ಒತ್ತುತ್ತಿದ್ದರು ಎಂದು ಹಿರಿಯರು ಹೇಳುವಾಗ ದನಿಯಲ್ಲಿ ಕೊಂಚ ಜಂಬವೂ ಇರುತ್ತದೆ. ಇರಲಿ ಬಿಡಿ, ಇರಬೇಕಾದ್ದೇ.

ಆದರೆ ಕಂಬಳದ ಕನೆಹಲಗೆ ವಿಭಾಗದ ಎದುರು ಆ ಜಂಬ ನಿಲ್ಲುವುದು ಕಷ್ಟ. ಓಟಗಾರ ಹಲಗೆಯ ಮೇಲೆ ಕಾಲೂರಿ ನಿಂತಿರುತ್ತಾನೆ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು; ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರಕ್ಕೂ ಲೆಕ್ಕವಿದೆ. ಬರ್ಸ್ಟಿನ ಒಂದು ಚಿತ್ರದಲ್ಲಿ ನೀರು ಬಟ್ಟೆಯ ಕೆಳಗೇ ಇದೆ. ಮುಂದಿನದರಲ್ಲಿ ತುದಿಯ ಹನಿಗಳು ಬಟ್ಟೆಗೆ ಬಡಿದಿವೆ. ಅದರ ಮುಂದಿನದರಲ್ಲಿ ಹನಿಯೆಲ್ಲ ಚದುರಿ, ಕೋಣದ ಬಾಲ ಮಾತ್ರ ಚೌಕಟ್ಟಿನಲ್ಲಿದೆ. ನಡುವಿನ ಆ ಚಿತ್ರವನ್ನು ಬರಿಗಣ್ಣು ನಂಬಿ ಒಂದೇ ಒತ್ತಿಗೆ ಹಿಡಿದವರಿದ್ದರೆ ಅವರಿಗೆ ದೊಡ್ಡ ನಮಸ್ಕಾರ. ಉಳಿದ ನಮಗೆ ಬರ್ಸ್ಟೇ ಗತಿ.

ಇದೇನೂ ನಿನ್ನೆ ಮೊನ್ನೆಯ ಚಪಲವಲ್ಲ. ಫ್ರಾನ್ಸಿನ ಎತಿಯೆನ್ ಜ್ಯೂಲ್ ಮಾರೆ 1882ರಲ್ಲೇ ಕೋವಿಯಂಥ ಕ್ಯಾಮೆರಾ ಮಾಡಿ, ಸೆಕೆಂಡಿಗೆ 12 ಚಿತ್ರದಂತೆ ಹಾರುವ ಹಕ್ಕಿಗಳಿಗೆ ಗುರಿಯಿಟ್ಟ. ಹಕ್ಕಿಗಳಿಗೆ ಏನೂ ಆಗಲಿಲ್ಲ.

ತೊಡಕಿರುವುದು ಗಂತಿನಿಂದಲೇ ಒತ್ತಿ ಹಿಡಿಯುವವರಿಗೆ. ತೆಗೆದ ಚಿತ್ರ ನೇರ ಕಾರ್ಡಿಗೆ ಹೋಗುವುದಿಲ್ಲ, ಮೊದಲು ಬಫರಿನಲ್ಲಿ ಸರದಿ ನಿಲ್ಲುತ್ತದೆ. ಸೆಕೆಂಡಿಗೆ 10 ತೆಗೆಯುವ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ರಾ (RAW) ಚಿತ್ರವಾದರೆ 31ಕ್ಕೆ ಬಫರ್ ಭರ್ತಿ, ಅಂದರೆ ಮೂರು ಸೆಕೆಂಡು. ಕೋಣಗಳು ಇನ್ನೂ ಅರ್ಧ ದಾರಿಗೂ ಬಂದಿರುವುದಿಲ್ಲ. ಆಮೇಲೆ 'ಟರ್‍ರ್' ಹೋಗಿ 'ಟಕ್... ಟಕ್...' ಎಂದು ಕುಂಟಲು ಶುರು. ನಿಶಾನೆಗೆ ನೀರು ಬೀಳುವ ಹೊತ್ತಿಗೆ ಕ್ಯಾಮೆರಾ ಹಳೆಯ ಚಿತ್ರಗಳನ್ನು ಕಾರ್ಡಿಗೆ ಸಾಗಿಸುತ್ತಾ ಕೂತಿರುತ್ತದೆ. ಪತ್ರಿಕೆಯ ಫೋಟೋಗ್ರಾಫರುಗಳು ಇದನ್ನು ಬಲ್ಲರು. ಕೋಣಗಳು ನಿಶಾನೆಗೆ ಇನ್ನೇನು ಬಂದವು ಎನ್ನುವವರೆಗೂ ಸುಮ್ಮನಿದ್ದು, ಒಂದೇ ಸೆಕೆಂಡು ಒತ್ತಿ ಬಿಡುತ್ತಾರೆ.

ಕತ್ತಲಾದ ಮೇಲೆ ಇನ್ನೊಂದು ತಾಪತ್ರಯ. ನಮ್ಮ ಕರೆಂಟಿನ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಬರ್ಸ್ಟಿನಲ್ಲಿ ಸಿಕ್ಕಿಬೀಳುತ್ತದೆ: ಒಂದು ಚಿತ್ರ ಬೆಳ್ಳಗೆ, ಪಕ್ಕದ್ದು ಮಂಕು. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಹಾಕಿಕೊಳ್ಳಿ.

ನಿಜವಾದ ದುಡಿಮೆ ಮನೆಗೆ ಬಂದ ಮೇಲಿನದು. ಒಂದೇ ತೆರನ ಹತ್ತು ಚಿತ್ರಗಳನ್ನು ಹಿಗ್ಗಿಸಿ, ಕೋಣದ ಕಣ್ಣು ಚೂಪಾಗಿ ಬಂದಿದೆಯೇ, ಓಟಗಾರನ ಮುಖಕ್ಕೆ ಬೆತ್ತ ಅಡ್ಡವಾಗಿದೆಯೇ ಎಂದು ನೋಡಬೇಕು. ಪತ್ರಿಕೆಯವರು ಬೆಳಗಾಗುವುದರೊಳಗೆ ಒಂದನ್ನು ಆರಿಸಲೇಬೇಕು. ಹವ್ಯಾಸಿಗಳಿಗೆ ಆ ಒತ್ತಡವಿಲ್ಲ. ಅದಕ್ಕೇ ಅವರು ಹಾರ್ಡ್ ಡಿಸ್ಕ್ ಕೊಳ್ಳುತ್ತಾರೆ. ಅಳಿಸಲು ಕೈ ಬಾರದವರಿಗೆ ಬರ್ಸ್ಟ್ ಹೇಳಿಸಿದ್ದಲ್ಲ. ಆ ರಾತ್ರಿಯೇ ಕೂತು ಆರಿಸಿ, ಉಳಿದದ್ದನ್ನು ತೆಗೆದುಹಾಕಿ. ನಾಳೆ ನೋಡೋಣ ಎಂದರೆ, ಮುಂದಿನ ಶನಿವಾರ ಇನ್ನೊಂದು ಕಂಬಳ ಇದ್ದೇ ಇರುತ್ತದೆ.